ಪಾಸಿನ ಆಚೆಯ ಮುಂಬಯಿ

34 ವರ್ಷ ಮುಂಬಯಿಯಲ್ಲಿ ನೌಕರಿ ಮಾಡಿದವನಿಗೆ ಮುಂಬಯಿ ಗೊತ್ತಿರಲೇಬೇಕು ಎಂದು ಊರಿನವರು ನಂಬಿರುತ್ತಾರೆ. ನಾನೂ ಹಾಗೆಯೇ ನಂಬಿಕೊಂಡಿದ್ದೆ. ಬೆಳಿಗ್ಗೆ ಡೊಂಬಿವಲಿಯಲ್ಲಿ ಗಾಡಿ ಹತ್ತುವುದು, ಫೋರ್ಟಿನ ಕಚೇರಿಯಲ್ಲಿ ದಿನವಿಡೀ ಕುಳಿತುಕೊಳ್ಳುವುದು, ಸಂಜೆ ಅದೇ ದಾರಿಯಲ್ಲಿ ತಿರುಗಿ ಬರುವುದು. ಯಾವ ಡಬ್ಬಿ ಯಾವ ಕಂಬದ ಎದುರು ನಿಲ್ಲುತ್ತದೆ, ಠಾಣೆಯಲ್ಲಿ ಯಾರು ಇಳಿದು ಜಾಗ ಖಾಲಿ ಮಾಡುತ್ತಾರೆ, ಮಳೆಗಾಲದಲ್ಲಿ ಯಾವ ನಿಲ್ದಾಣದ ಹಳಿ ಮೊದಲು ಮುಳುಗುತ್ತದೆ, ಇವೆಲ್ಲ ನನಗೆ ಬಾಯಿಪಾಠ. ಇದನ್ನೇ ಮುಂಬಯಿಯ ಜ್ಞಾನವೆಂದು ತಿಳಿದು ನಿವೃತ್ತನೂ ಆದೆ. ನಾನು ಕಂಡದ್ದು ನನ್ನ ರೈಲಿನ ಪಾಸಿನ ಮೇಲೆ ಬರೆದಿದ್ದ ಎರಡು ಊರುಗಳ ನಡುವಿನ ಗೆರೆಯನ್ನು ಮಾತ್ರ ಎಂದು ತಿಳಿದದ್ದು ಈಚೆಗೆ, ನನ್ನ ತಂಗಿಯ ಮಗ ರಾಘು ಬಂದಾಗ.

ರಾಘು ಕುಂದಾಪುರದ ಕಡೆಯ ಹುಡುಗ. ಕಾಲೇಜು ಮುಗಿಸಿ, ಕೆಲಸಕ್ಕೆ ಸೇರುವ ಮೊದಲು ಸಿಕ್ಕಿದ ಒಂದು ತಿಂಗಳಲ್ಲಿ ಊರೂರು ತಿರುಗಿ ಬರುವೆನೆಂದು ಹೊರಟವನು. ಮತ್ಸ್ಯಗಂಧಾ ರೈಲಿನಲ್ಲಿ ಬಂದು, ನಸುಕಿನಲ್ಲಿ ಠಾಣೆಯಲ್ಲಿಳಿದು, ಲೋಕಲ್ ಗಾಡಿ ಹಿಡಿದು ಒಂದು ಶುಕ್ರವಾರ ನಮ್ಮ ಬಾಗಿಲು ತಟ್ಟಿದ. ಬೆನ್ನಿಗೊಂದು ಚೀಲ, ಕೈಯಲ್ಲೊಂದು ನೀರಿನ ಬಾಟಲಿ. ಸಾಮಾನು ಅಷ್ಟೇ. ಕಾಫಿ ಕುಡಿಯುತ್ತಲೇ ಹೇಳಿಬಿಟ್ಟ: "ಮಾವ, ನನ್ನ ಹತ್ರ ಮೂರು ದಿನ ಉಂಟು, ಸಾವಿರ ರೂಪಾಯಿ ಉಂಟು. ಅಷ್ಟರಲ್ಲೇ ಮುಂಬಯಿ ನೋಡ್ಬೇಕು. ಟ್ಯಾಕ್ಸಿ ಬೇಡ, ನಿಮ್ಮ ದುಡ್ಡೂ ಬೇಡ. ರಾತ್ರಿ ಮಲಗ್ಲಿಕ್ಕೆ ಜಾಗ ಕೊಟ್ರೆ ಸಾಕು."

ನನ್ನ ಹೆಂಡತಿ ಅಡಿಗೆ ಮನೆಯಿಂದಲೇ ನಕ್ಕಳು. "ನಿನ್ನ ಮಾವನನ್ನೂ ಕರ್ಕೊಂಡು ಹೋಗು ರಾಘು. ಅವರೂ ಒಮ್ಮೆ ಮುಂಬಯಿ ನೋಡಿದ ಹಾಗಾಗ್ತದೆ."

ಹಾಸ್ಯದ ಮಾತೇ, ಆದರೂ ಚುಚ್ಚಿತು. ಚುಚ್ಚಲು ಕಾರಣವಿತ್ತು. ನಾನು ನಿವೃತ್ತನಾದಂದಿನಿಂದ ನಮ್ಮ ಮನೆಯಲ್ಲಿ ಒಂದು ಮಾತು ಮುಗಿಯದೆ ಉಳಿದಿತ್ತು. ಡೊಂಬಿವಲಿಯ ಮನೆ ಮಾರಿ ಊರಿಗೆ ಹೋಗಿ ನೆಲೆಸೋಣವೆಂದು ನಾನು, ನೋಡೋಣವೆಂದು ಅವಳು, ಏನೂ ಹೇಳದೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುವ ಮಗಳು. ದಲ್ಲಾಳಿಯೊಬ್ಬ ಎರಡು ಸಲ ಬಂದು ಕೋಣೆಗಳನ್ನು ನೋಡಿಕೊಂಡು ಹೋಗಿದ್ದ. "ಈ ಊರಿನಲ್ಲಿ ನಮಗೇನಿದೆ?" ಎಂಬುದು ನನ್ನ ವಾದ. ಪರಸ್ಥಳದಲ್ಲಿ ಬಾಳಿದ ನಮ್ಮಲ್ಲಿ ಅನೇಕರು ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಕೇಳಿಕೊಂಡವರೇ ಆಗಿರುತ್ತಾರೆ.

ಸರಿ, ಹೊರಟಿತು ನಮ್ಮ ಸವಾರಿ.

*

ಹತ್ತೂವರೆಯ ಹೊತ್ತಿಗೆ ಮನೆ ಬಿಟ್ಟೆವು. ಅದಕ್ಕೆ ಮೊದಲು ಹೊರಟರೆ ಹೊಸಬರಿಗೆ ಗಾಡಿಯೊಳಗೆ ಕಾಲಿಡುವುದೇ ಕಷ್ಟ. ಹಾಗಿದ್ದೂ ರಾಘು ಬೆನ್ನಿನ ಚೀಲದೊಡನೆ ಬಾಗಿಲಲ್ಲಿ ನಿಂತದ್ದೇ ತಡ, ಹಿಂದಿನಿಂದ ಒಬ್ಬರು ಮರಾಠಿಯಲ್ಲಿ ಗದರಿದರು. "ಚೀಲ ಎದೆಗೆ ಹಾಕ್ಕೋ, ಇಲ್ಲಾ ಮೇಲಿಡು" ಎಂದು ನಾನು ಅರ್ಥ ಹೇಳಿದೆ. ಮುಂಬಯಿಯ ಮೊದಲನೆಯ ಪಾಠ ಅಲ್ಲಿಗಾಯಿತು. ದಿನ ದಿನ ಟಿಕೆಟ್ಟಿನ ಸಾಲಿನಲ್ಲಿ ನಿಲ್ಲಲಾರದವರಿಗೆ ರೈಲ್ವೆಯವರು ಒಂದು, ಮೂರು, ಐದು ದಿನಗಳ ಪ್ರವಾಸಿ ಟಿಕೆಟ್ಟು ಕೊಡುತ್ತಾರೆ. ಅದರಲ್ಲಿ ಲೋಕಲ್ ಗಾಡಿಗಳಲ್ಲಿ ಎಷ್ಟು ಸಲವಾದರೂ ಹತ್ತಿ ಇಳಿಯಬಹುದು. ರಾಘು ಮೂರು ದಿನದ್ದನ್ನು ಕೊಂಡ.

ನಾವು ಇಳಿದದ್ದು ನಾನು ದಿನವೂ ಇಳಿಯುತ್ತಿದ್ದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಲ್ಲಿ. ನಮ್ಮ ಹಿರಿಯರ ಬಾಯಲ್ಲಿ ಅದು ಬೋರಿಬಂದರ, ಆಮೇಲಿನವರ ಬಾಯಲ್ಲಿ ವಿ.ಟಿ. 1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕರ ರೈಲು ಈ ಬೋರಿಬಂದರದಿಂದಲೇ ಠಾಣೆಗೆ 34 ಕಿಲೋಮೀಟರು ಓಡಿತು. ಈಗಿನ ಕಟ್ಟಡ ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ಶಿಲ್ಪಿಯದು. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 50 ತುಂಬಿದಾಗ ಅವಳ ಹೆಸರನ್ನು ಇದಕ್ಕಿಟ್ಟರು. ಆ ಹೆಸರು ಹೋದದ್ದು 1996ರಲ್ಲಿ. 2004ರಲ್ಲಿ ಯುನೆಸ್ಕೋದವರು ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು.

ರಾಘು ರಸ್ತೆ ದಾಟಿ ಮಹಾನಗರಪಾಲಿಕೆಯ ಕಟ್ಟಡದ ಕಡೆಗೆ ನನ್ನನ್ನು ಎಳೆದುಕೊಂಡು ಹೋದ. ಅದೂ ಸ್ಟೀವನ್ಸನದೇ, 1893ರಲ್ಲಿ ಮುಗಿದದ್ದು. ಅಲ್ಲಿ ನಿಂತು ತಿರುಗಿ ನೋಡಿದಾಗ ನಿಲ್ದಾಣವು ಪೂರ್ತಿಯಾಗಿ ಕಾಣಿಸಿತು. ಬಾಗಿಲ ಕಂಬಗಳ ಮೇಲೆ ಒಂದು ಕಡೆ ಸಿಂಹ, ಒಂದು ಕಡೆ ಹುಲಿ. ಒಂದು ಇಂಗ್ಲೆಂಡಿಗೆ, ಇನ್ನೊಂದು ಭಾರತಕ್ಕೆ. ಗೋಡೆಯ ಮೂಲೆಮೂಲೆಯಲ್ಲಿ ಕಲ್ಲಿನ ನವಿಲು, ಎಲೆ, ಬಳ್ಳಿ.

"ಎಂತ ಮಾವ, ಇಷ್ಟು ವರ್ಷ ಇದರ ಅಡಿಯಲ್ಲೇ ಹೋಗಿ ಬಂದು ಹುಲಿ ನೋಡ್ಲಿಲ್ವಾ ನೀವು?"

ನೋಡಿರಲಿಲ್ಲ. ನಾನು ನೋಡುತ್ತಿದ್ದುದು ಗಡಿಯಾರವನ್ನು.

*

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ಅಡಿಯಲ್ಲಿ ನಡೆದೆವು. ಬಿಸಿಲಾಗಲಿ ಮಳೆಯಾಗಲಿ, ಈ ಕಮಾನುಗಳು ನಡೆಯುವವನಿಗೆ ಕೊಡೆ ಹಿಡಿದ ಹಾಗೆ. ರಸ್ತೆಯ ಕೊನೆಗೆ 1864ರ ಫ್ಲೋರಾ ಕಾರಂಜಿ. ಹಳೆಯ ಕೋಟೆಯ ಚರ್ಚ್‌ಗೇಟು ನಿಂತಿದ್ದುದು ಅಲ್ಲಿಯೇ. 1860ರ ದಶಕದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದರು. ಆದರೂ ಆ ಭಾಗವನ್ನು ನಾವು ಇಂದಿಗೂ ಫೋರ್ಟ್ ಎಂದೇ ಕರೆಯುತ್ತೇವೆ. ಕಾರಂಜಿಯ ಪಕ್ಕದಲ್ಲೇ ಸಂಯುಕ್ತ ಮಹಾರಾಷ್ಟ್ರದ ಹೋರಾಟದಲ್ಲಿ ಪ್ರಾಣ ಕೊಟ್ಟವರ ಸ್ಮಾರಕವಿದೆ. ಚೌಕಕ್ಕೆ ಹುತಾತ್ಮ ಚೌಕವೆಂದು ಹೆಸರು.

ಇಲ್ಲಿ ನಿಂತು ರಾಘುವಿಗೆ ನಾನು ಒಂದು ಸಂಗತಿ ಹೇಳಿದೆ. 1956ರ ನವೆಂಬರ್ 1ರ ವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳವರಿಗೆ ರಾಜಧಾನಿ ಎಂದರೆ ಇದೇ ಮುಂಬಯಿ. ನಮ್ಮ ದಕ್ಷಿಣ ಕನ್ನಡ ಮಾತ್ರ ಮದರಾಸಿಗೆ ಸೇರಿತ್ತು. ಅವರು ಸರಕಾರದ ಕೆಲಸಕ್ಕೆಂದು ಇಲ್ಲಿಗೆ ಬಂದರೆ ನಾವು ಹೊಟ್ಟೆಯ ಕೆಲಸಕ್ಕೆಂದು ಬಂದೆವು.

ಹಾಗೆ ಬಂದವರಲ್ಲಿ ನನ್ನ ತಂದೆಯೂ ಒಬ್ಬರು. 1952ರಲ್ಲಿ, 14ನೆಯ ವಯಸ್ಸಿಗೆ, ಘಟ್ಟ ಹತ್ತಿ, ಬಸ್ಸು ರೈಲು ಬದಲಿಸುತ್ತ ಊರಿನವರೊಬ್ಬರ ಜೊತೆ ಇಲ್ಲಿಗೆ ಬಂದಿಳಿದರು. ಫೋರ್ಟಿನ ಒಂದು ಗಲ್ಲಿಯ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ. ರಾತ್ರಿ ಕನ್ನಡ ಶಾಲೆಯಲ್ಲಿ ಪಾಠ. ಶಾಲೆ ಮುಗಿಸಿ ಬಂದ ಮೇಲೆ ಹೋಟೆಲಿನ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆಯೇ ನಿದ್ದೆ. ಹಾಗೆ ಓದಿ ಮೆಟ್ರಿಕ್ ಪಾಸಾಗಿ ಗಿರಣಿಯ ಕಚೇರಿಯಲ್ಲಿ ಗುಮಾಸ್ತರಾದರು. ನಮ್ಮ ಸಂಘಗಳ ಹಿರಿಯರಲ್ಲಿ ಎಷ್ಟೋ ಮಂದಿಯ ಕಥೆ ಇದೇ ಆಗಿರುವುದರಿಂದ ಹೆಚ್ಚು ಹೇಳಬೇಕಾಗಿಲ್ಲ.

ಹೋಟೆಲಿಗೆ ವಾರಕ್ಕೊಮ್ಮೆ ಅರ್ಧ ದಿನ ಬಿಡುವು ಸಿಕ್ಕಾಗ ಅಪ್ಪ ಎಲ್ಲಿಗೆ ಹೋಗುತ್ತಿದ್ದರು? ಟ್ರಾಮಿಗೆ ಕೊಡುವ ಕಾಸನ್ನು ಉಳಿಸಿ ನಡೆಯುತ್ತಿದ್ದರು. "ಮುಂಬಯಿಯಲ್ಲಿ ಕೂರ್ಲಿಕ್ಕೆ ಕಾಸು ಕೇಳದ ಜಾಗ ಎರಡೇ, ಒಂದು ಸಮುದ್ರದ ದಂಡೆ, ಇನ್ನೊಂದು ಟೌನ್ ಹಾಲಿನ ಮೆಟ್ಟಿಲು. 30 ಮೆಟ್ಟಿಲು, ನಾನು ಎಣಿಸಿದ್ದೇನೆ" ಎಂದು ಅವರು ಹೇಳುತ್ತಿದ್ದರು. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಅವರಿಗೆ ಆಸೆ. "ಈ ಭಾನುವಾರ ಬೇಡಪ್ಪ, ವಾರವಿಡೀ ಅದೇ ಕಡೆ ಹೋಗ್ತೇನಲ್ಲ" ಎಂದು ನಾನು ಮುಂದೆ ಹಾಕುತ್ತಲೇ ಇದ್ದೆ. 2009ರಲ್ಲಿ ಅವರು ತೀರಿಕೊಂಡರು.

ನನ್ನ ಕಚೇರಿಯಿಂದ ಟೌನ್ ಹಾಲಿಗೆ ಏಳೆಂಟು ನಿಮಿಷದ ದಾರಿ. ಅದನ್ನು ನಡೆಯಲು ನನಗೆ 34 ವರ್ಷ ಸಾಲದೆ, ಬೆನ್ನುಚೀಲದ ಹುಡುಗನೊಬ್ಬ ಬರಬೇಕಾಯಿತು.

ಹಾರ್ನಿಮನ್ ಸರ್ಕಲಿನ ಮರಗಳ ನೆರಳನ್ನು ದಾಟಿ ಟೌನ್ ಹಾಲಿನ ಎದುರು ನಿಂತೆವು. 1833ರಲ್ಲಿ ಪೂರ್ತಿಯಾದ ಕಟ್ಟಡ. ಬಿಳಿಯ ಬಣ್ಣ, ಗ್ರೀಕರ ಮಾದರಿಯ ದಪ್ಪ ಕಂಬಗಳು. ಒಳಗೆ ಏಷಿಯಾಟಿಕ್ ಸೊಸೈಟಿಯ ಗ್ರಂಥಭಂಡಾರವಿದೆ. ರಾಘು ಕೆಳಗಿನಿಂದ, ನಾನು ಅವನ ಹಿಂದಿನಿಂದ, ಎಣಿಸುತ್ತ ಹತ್ತಿದೆವು. 30. ಅಪ್ಪನ ಲೆಕ್ಕ ಸರಿಯಾಗಿತ್ತು.

ಮೆಟ್ಟಿಲಿನ ಮೇಲೆ ಕಾಲೇಜಿನ ಹುಡುಗರು ಪುಸ್ತಕ ಹರಡಿ ಕುಳಿತಿದ್ದರು. ಕೊರಿಯರಿನ ಚೀಲ ಪಕ್ಕದಲ್ಲಿಟ್ಟು ಒಬ್ಬ ಊಟದ ಡಬ್ಬಿ ಬಿಚ್ಚುತ್ತಿದ್ದ. ಯಾರೂ ಅವನನ್ನು ಏಳು ಎನ್ನಲಿಲ್ಲ. ನಾವೂ ಅರ್ಧ ಗಂಟೆ ಕುಳಿತೆವು. ಅಪ್ಪ ಕೆಲಸ ಮಾಡಿದ ಗಲ್ಲಿಯನ್ನು ಹುಡುಕಿದಾಗ ಹೋಟೆಲು ಇರಲಿಲ್ಲ. ಮೊಬೈಲಿನ ಸಾಮಾನು ಮಾರುವ ಅಂಗಡಿಯಿತ್ತು. ಅಂಗಡಿಯವನಿಗೆ ಹೋಟೆಲಿನ ಹೆಸರು ಕೇಳಿಯೇ ಗೊತ್ತಿರಲಿಲ್ಲ. ನನಗೆ ದುಃಖವಾಗುವುದೆಂದು ತಿಳಿದಿದ್ದೆ, ಆಗಲಿಲ್ಲ. ಮೇಜುಗಳು ಹೋದರೆ ಹೋಗಲಿ, ಮೆಟ್ಟಿಲು ಉಳಿದಿತ್ತಲ್ಲ.

*

ಮಧ್ಯಾಹ್ನಕ್ಕೆ ವಡಾ ಪಾವ್, ಅದರ ಮೇಲೊಂದು ಕಟಿಂಗ್ ಚಹಾ. ಸಂಜೆಗೆ ಇರಾನಿ ಹೋಟೆಲಿನ ಬನ್ ಮಸ್ಕಾ. ಜೇಬು ಚಿಕ್ಕದಾದವನನ್ನು ಮುಂಬಯಿ ಎಂದೂ ಹಸಿದು ಕಳಿಸುವುದಿಲ್ಲ. ಕೂತು ತಿನ್ನಬೇಕೆಂಬ ಹಟ ಬಿಟ್ಟರೆ ಸಾಕು.

ಕಾಲಾ ಘೋಡಾದಲ್ಲಿ ಜಹಾಂಗೀರ್ ಕಲಾಶಾಲೆ ಇದೆ. 1952ರಲ್ಲಿ, ಅಪ್ಪ ಬಂದ ವರ್ಷವೇ, ತೆರೆದದ್ದು. ಒಳಗೆ ಹೋಗಲು ಟಿಕೆಟ್ಟಿಲ್ಲ. ಬಾಗಿಲಲ್ಲಿ ಯಾರಾದರೂ ತಡೆದಾರೆಂದು ನಾನು ಇಷ್ಟು ವರ್ಷ ಒಳಗೆ ಕಾಲಿಟ್ಟಿರಲಿಲ್ಲ! ಗೋಡೆಯ ಚಿತ್ರಗಳು ನನಗೆ ಎಲ್ಲವೂ ಅರ್ಥವಾದವೆಂದು ಹೇಳಲಾರೆ. ಆದರೆ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಇದೇ ಊರಿಗೆ ಬಂದು, ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಇಲ್ಲಿಯೇ ಬಾಳಿ, ದೇಶವೇ ಗೌರವಿಸುವ ಚಿತ್ರಗಾರರಾದರೆಂಬುದನ್ನು ರಾಘುವಿಗೆ ಹೇಳಿದಾಗ ಅವನು ಚಿತ್ರಗಳ ಮುಂದೆ ಇನ್ನಷ್ಟು ಹೊತ್ತು ನಿಂತ.

ಗೇಟ್‌ವೇ ಆಫ್ ಇಂಡಿಯಾ ನೋಡದೆ ಊರಿಗೆ ಹೋದರೆ ಯಾರೂ ನಂಬುವುದಿಲ್ಲವಲ್ಲ, ಅಲ್ಲಿಗೂ ಹೋದೆವು. 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗೆಂದು ಕಟ್ಟಿದ ಈ ಬಾಗಿಲು ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೈನ್ಯದ ತುಕಡಿ ಇದೇ ಬಾಗಿಲಿನಿಂದ ಹೊರಟುಹೋಯಿತು. ದೊರೆಯನ್ನು ಸ್ವಾಗತಿಸಲು ಕಟ್ಟಿದ ಬಾಗಿಲು ಅವನ ಸೈನ್ಯವನ್ನು ಬೀಳ್ಕೊಡಲು ಒದಗಿತು. ಘಾರಾಪುರಿಯ ಗುಹೆಗಳಿಗೆ ದೋಣಿ ಹೊರಡುವುದೂ ಇಲ್ಲಿಂದಲೇ. ರಾಘು ದೋಣಿಯ ದರ ಕೇಳಿ, ಕಿಸೆ ಮುಟ್ಟಿ ನೋಡಿ, "ಇದು ಮುಂದಿನ ಸಲಕ್ಕೆ ಮಾವ" ಎಂದ. ಸಾವಿರ ರೂಪಾಯಿಯ ಶಿಸ್ತು ಅದು; ನಾನು ಕೊಡುತ್ತೇನೆಂದರೂ ಒಪ್ಪಲಿಲ್ಲ.

ಬಿಸಿಲು ಇಳಿದ ಮೇಲೆ ಓವಲ್ ಮೈದಾನಕ್ಕೆ ಬಂದೆವು. ಅದರ ಒಂದು ಬದಿಗೆ ಹೈಕೋರ್ಟು, ವಿಶ್ವವಿದ್ಯಾನಿಲಯ ಮುಂತಾದ ಕಲ್ಲಿನ ಗೋಪುರದ ಕಟ್ಟಡಗಳು. ಇನ್ನೊಂದು ಬದಿಗೆ 1930ರ ದಶಕದ ಆಸುಪಾಸಿನ, ದುಂಡು ಮೂಲೆಯ, ಬಣ್ಣಬಣ್ಣದ ಮನೆಗಳು. ನಡುವೆ ಹುಡುಗರ ಕ್ರಿಕೆಟ್ಟು. ಎರಡೂ ಬದಿಗಳನ್ನು ಒಟ್ಟಿಗೇ 2018ರಲ್ಲಿ ವಿಶ್ವ ಪರಂಪರೆಗೆ ಸೇರಿಸಿದ್ದಾರೆ. ನೋಡಲು ಬೇಕಾದದ್ದು ಹುಲ್ಲಿನ ಮೇಲೆ ಕೂರುವಷ್ಟು ವ್ಯವಧಾನ, ಅಷ್ಟೇ. 280 ಅಡಿ ಎತ್ತರದ ರಾಜಾಬಾಯಿ ಗೋಪುರ ಇಲ್ಲಿಂದಲೇ ಚೆನ್ನಾಗಿ ಕಾಣುವುದು. ಪ್ರೇಮಚಂದ ರಾಯಚಂದ ಎಂಬ ವ್ಯಾಪಾರಿ ಹಣ ಕೊಟ್ಟು ತನ್ನ ತಾಯಿಯ ಹೆಸರಿಡಿಸಿದ ಗೋಪುರ; ಮುಗಿದದ್ದು 1878ರಲ್ಲಿ. ಅದರ ಅಡಿಯ ವಿಶ್ವವಿದ್ಯಾನಿಲಯ 1857ರದು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವ ತನಕ ಧಾರವಾಡದ ಕರ್ನಾಟಕ ಕಾಲೇಜಿನ ಹುಡುಗರಿಗೆ ಪದವಿ ಕೊಡುತ್ತಿದ್ದುದು ಇದೇ. ಆ ಕಡೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಈ ಊರಿನ ಮುದ್ರೆಯ ಕಾಗದಕ್ಕೆ ಕಟ್ಟು ಹಾಕಿಸಿರಬೇಕು.

ಕತ್ತಲಾಗುವಾಗ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತೆವು. ಕಾಸು ಕೇಳದ ಎರಡನೆಯ ಜಾಗ. ಅಪ್ಪನ ಟ್ರಾಮು 1964ರ ಮಾರ್ಚ್ 31ರಂದು ಕೊನೆಯ ಸಲ ಓಡಿತು. ನನ್ನ ಬಾಲ್ಯದ ಎರಡಂತಸ್ತಿನ ಕೆಂಪು ಬಸ್ಸು 2023ರ ಸೆಪ್ಟೆಂಬರಿನಲ್ಲಿ ನಿಂತಿತು. ಈಗ ಓಡುವ ಎರಡಂತಸ್ತಿನದು ವಿದ್ಯುತ್ತಿನ, ಹವಾನಿಯಂತ್ರಿತ ಬಸ್ಸು. ಅದರ ಮಹಡಿಯ ಮುಂದಿನ ಆಸನದಲ್ಲಿ ಕುಳಿತು ಊರು ನೋಡುವ ಸುಖಕ್ಕೆ ಕನಿಷ್ಠ ದರ 12 ರೂಪಾಯಿ. 2025ರ ಮೇ ತಿಂಗಳಲ್ಲಿ ದರ ಏರುವ ಮೊದಲು ಅದು ಬರಿಯ 6 ಆಗಿತ್ತು.

*

ಎರಡನೆಯ ದಿನ ಶನಿವಾರ. ಮಗಳಿಗೆ ರಜೆ. "ನಾನೂ ಬರ್ತೇನೆ" ಎಂದಳು. ದಾದರದಲ್ಲಿ ಪಶ್ಚಿಮ ರೈಲ್ವೆಗೆ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದೆವು.

ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. 1942ರ ಆಗಸ್ಟ್ 8ರಂದು 'ಭಾರತ ಬಿಟ್ಟು ತೊಲಗಿ' ಎಂಬ ಗೊತ್ತುವಳಿ ಹೊರಟದ್ದು ಈ ನೆಲದಿಂದ. ಈಗ ಇದು ಆಗಸ್ಟ್ ಕ್ರಾಂತಿ ಮೈದಾನ. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ, ಮರಗಳು ತುಂಬಿದ ಲ್ಯಾಬರ್ನಮ್ ರಸ್ತೆಯಲ್ಲಿ ಮಣಿಭವನ. 1917ರಿಂದ 1934ರ ವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗಲೆಲ್ಲ ಇಳಿದುಕೊಳ್ಳುತ್ತಿದ್ದ ಮನೆ. ಮೇಲಿನ ಮಹಡಿಯಲ್ಲಿ ಅವರ ಕೋಣೆ ಇದೆ: ಹಾಸಿಗೆ, ದಿಂಬು, ಚರಕ. ಮೂರು ದಿನಕ್ಕೆ ಬೆನ್ನುಚೀಲ ಒಂದೇ ಸಾಕೆಂದು ಹೊರಟಿದ್ದ ನಮ್ಮ ಹುಡುಗ ಆ ಕೋಣೆಯ ಮುಂದೆ ನಿಂತು, "ನನ್ನ ಸಾಮಾನೇ ಜಾಸ್ತಿ ಆಯ್ತು ಮಾವ" ಎಂದ.

ಚೌಪಾಟಿಯ ಮರಳಿನ ಮೇಲೆ ನಡೆಯುವಾಗ ರಾಘುವಿನ ಚಪ್ಪಲಿಯ ಬಾರು ಕಿತ್ತಿತು. ಮುಂಬಯಿಯಲ್ಲಿ ಅದಕ್ಕೂ ಚಿಂತೆಯಿಲ್ಲ. ರಸ್ತೆಯಂಚಿನ ಚಮ್ಮಾರರು 20 ರೂಪಾಯಿಗೆ ಹೊಲಿದು, "ಇನ್ನು ಸಾವಿರ ಮೈಲಿ ನಡಿ" ಎಂದು ಹಿಂದಿಯಲ್ಲಿ ಹರಸಿದರು. ಮಲಬಾರ್ ಗುಡ್ಡ ಹತ್ತಿ ವಾಲ್ಕೇಶ್ವರಕ್ಕೆ ಇಳಿದೆವು.

ವಾಚಕರಲ್ಲಿ ಬಾಣಗಂಗೆಯನ್ನು ಕಾಣದವರಿದ್ದರೆ ಈ ವಾರವೇ ಹೋಗಿ ಬನ್ನಿ. ಸುತ್ತಲೂ ದೇಶದಲ್ಲೇ ದುಬಾರಿಯಾದ ಮನೆಗಳು. ಅವುಗಳ ನಡುವಿನ ಓಣಿಯಲ್ಲಿ ನಾಲ್ಕು ಹೆಜ್ಜೆ ಇಳಿದರೆ ಕಲ್ಲಿನ ಪಾವಟಿಗೆಗಳ ಕೆರೆ, ಬಾತುಕೋಳಿ, ದೀಪಸ್ತಂಭ, ಗುಡಿಗಳು. ಗೌಡ ಸಾರಸ್ವತರ ಕವಳೆ ಮಠವೂ ಇಲ್ಲಿದೆ. ಸಮುದ್ರ ಕೂಗಳತೆಯಲ್ಲಿದ್ದರೂ ಕೆರೆಯ ಒರತೆಯ ನೀರು ಸಿಹಿ. ಸೀತೆಯನ್ನು ಅರಸುತ್ತ ಬಂದ ರಾಮ ಬಾಣ ಹೊಡೆದು ನೀರು ತರಿಸಿದನೆಂದು ಸ್ಥಳಪುರಾಣ.

ಪಾವಟಿಗೆಯ ಮೇಲೆ ಕುಳಿತು ಮಗಳು, "ನಮ್ಮ ಊರಿನ ದೇವಸ್ಥಾನದ ಕೆರೆಯ ಹಾಗೇ ಉಂಟಲ್ಲ ಅಪ್ಪ" ಎಂದಳು. ನಾನು ಅವಕಾಶ ಸಿಕ್ಕಿತೆಂದು, "ಅದಕ್ಕೇ ಹೇಳುವುದು, ಊರಿಗೇ ಹೋಗುವ ಅಂತ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನೀವು ಊರಿಗೆ ಹೋಗುವುದು ಅಂದರೆ ತಿರುಗಿ ಹೋಗುವುದು. ನಾನು ಹೋದರೆ ಬಿಟ್ಟು ಹೋಗುವುದು. ನಾನು ಹುಟ್ಟಿದ್ದು ಇಲ್ಲಿ. ನಿಮಗೆ ಊರು ಹೇಗೋ ನನಗೆ ಇದು ಹಾಗೆ."

ಒಂದು ವರ್ಷದಿಂದ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದವಳ ಮಾತು ಅದು. ನಾನು ಉತ್ತರ ಕೊಡಲಿಲ್ಲ. ರಾಘು ಬಾತುಕೋಳಿಗಳನ್ನು ಎಣಿಸುವವನ ಹಾಗೆ ಆ ಕಡೆ ತಿರುಗಿ ಕುಳಿತ.

ಸಂಜೆ ಮಾಟುಂಗಾ. ದಾದರದಿಂದ ಒಂದೇ ನಿಲ್ದಾಣ. ಮೊಗ್ಗು, ತುಳಸಿ, ಬಾಳೆಲೆ, ಕಾಫಿಪುಡಿಯ ವಾಸನೆ ಮೂಗಿಗೆ ಬಡಿದರೆ ಮಾಟುಂಗಾ ಬಂದಿತೆಂದು ಕಣ್ಣು ಮುಚ್ಚಿಕೊಂಡೂ ಹೇಳಬಹುದು. 1926ರ ಮೈಸೂರು ಅಸೋಸಿಯೇಷನ್ನು ಇಲ್ಲಿಯೇ. ಕರ್ನಾಟಕ ಸಂಘವಿರುವ ಮಾಹೀಮೂ ದೂರವಲ್ಲ. ಕಿಂಗ್ಸ್ ಸರ್ಕಲಿನ ಕಾಲುದಾರಿಯಲ್ಲಿ ಹಳೆಯ ಪುಸ್ತಕ ಮಾರುವವರ ಬಳಿ ರಾಘು ತಗ್ಗಿ ಬಗ್ಗಿ ಅರ್ಧ ಗಂಟೆ ಕಳೆದ, ಕೊಳ್ಳಲಿಲ್ಲ. ಆಮೇಲೆ ನಿಲ್ದಾಣದ ಎದುರಿನ ಮಹಡಿಯ ಮೇಲೆ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟ. ಮೂರು ದಿನದಲ್ಲಿ ರಾಘು ಕೈ ಬಿಚ್ಚಿ ಖರ್ಚು ಮಾಡಿದ್ದು ಅಲ್ಲೊಂದೇ ಕಡೆ. ಸಾರು ಬಡಿಸಿದವರ ಮಾತು ಕೇಳಿ, "ನೀವು ಎಲ್ಲಿಯವರು?" ಎಂದ. ನಮ್ಮ ಕಡೆಯವರೇ. ಬಾಳೆಲೆಗೆ ಎರಡು ಸೌಟು ಹೆಚ್ಚು ಬಿತ್ತು.

*

ಮೂರನೆಯ ದಿನ ಭಾನುವಾರ, ಕಾನ್ಹೇರಿ. ಹೆಂಡತಿಯೂ ಚಪ್ಪಲಿ ಮೆಟ್ಟಿದಳು. ಬೋರಿವಲಿಯ ನಿಲ್ದಾಣದಿಂದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲಿಗೆ ನಡೆದು, ಒಳಗಿನ ಬಸ್ಸಿನಲ್ಲಿ ಕಾಡು ದಾಟಿದರೆ ಗುಹೆಗಳ ಬೆಟ್ಟ. ಒಂದೇ ಕರಿಯ ಬಂಡೆಯ ಬೆಟ್ಟದಲ್ಲಿ ಸಾವಿರ ವರ್ಷ ಕೊರೆದ ನೂರಕ್ಕೂ ಮಿಕ್ಕಿದ ಗುಹೆಗಳು. ಬೌದ್ಧ ಭಿಕ್ಷುಗಳು ಮಳೆಗಾಲ ಕಳೆಯುತ್ತಿದ್ದ ಜಾಗ. 3ನೆಯ ಗುಹೆಯ ಚೈತ್ಯದ ಬಾಗಿಲ ಎರಡು ಕಡೆಯ ಎತ್ತರದ ಬುದ್ಧರ ಮುಂದೆ ನಿಂತರೆ ಮನುಷ್ಯನ ಅಳತೆ ತನಗೇ ತಿಳಿಯುತ್ತದೆ.

ನನ್ನ ಹೆಂಡತಿಗೆ ಹಿಡಿಸಿದ್ದು ಬುದ್ಧನಿಗಿಂತ ಹೆಚ್ಚಾಗಿ ನೀರು. ಬಂಡೆಯ ಮೇಲೆ ಬಿದ್ದ ಮಳೆ ಸಣ್ಣ ಸಣ್ಣ ಕಾಲುವೆಗಳಲ್ಲಿ ಹರಿದು, ಗುಹೆಗಳ ಪಕ್ಕದಲ್ಲಿ ಕಡೆದ ತೊಟ್ಟಿಗಳಿಗೆ ಬಂದು ಸೇರುತ್ತದೆ. "ನಮ್ಮ ಕಟ್ಟಡದ ಟ್ಯಾಂಕಿಗಿಂತ ಇದು ಚಂದ ಮಾಡಿದ್ದಾರೆ" ಎಂದಳು.

ಇಲ್ಲಿನ ಹಳೆಯ ಶಾಸನಗಳಲ್ಲಿ ಗುಹೆ, ತೊಟ್ಟಿಗಳನ್ನು ದಾನ ಕೊಟ್ಟವರ ಊರುಗಳ ಹೆಸರಿವೆ. ಸೋಪಾರ, ನಾಸಿಕ, ಮತ್ತು ನಮ್ಮ ಡೊಂಬಿವಲಿಯ ಪಕ್ಕದ ಕಲ್ಯಾಣ. ಎಂದರೆ ಕಲ್ಯಾಣದವರು ಈ ದಾರಿ ಹಿಡಿದು ಬರಲಾರಂಭಿಸಿ ಸಾವಿರಾರು ವರ್ಷಗಳಾದವು! ಇನ್ನೊಂದು ಸಂಗತಿಯಿದೆ. 9ನೆಯ ಶತಮಾನದ ಇಲ್ಲಿನ ಕೆಲವು ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನು ಹೇಳುತ್ತವೆ. ಆಗ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಯಾವ ಅಮೋಘವರ್ಷ? 'ಕವಿರಾಜಮಾರ್ಗ' ಯಾರ ಆಸ್ಥಾನದಲ್ಲಿ ಹುಟ್ಟಿತೋ ಆ ನೃಪತುಂಗನೇ. ಮಗಳು ಮೆಲ್ಲನೆ, "ಈ ಊರಿನಲ್ಲಿ ನಮಗೇನಿದೆ ಅಂತ ಕೇಳ್ತಿದ್ದಿರಲ್ಲ ಅಪ್ಪ" ಎಂದಳು. ಎಲ್ಲರೂ ನಕ್ಕೆವು, ನಾನೂ ನಕ್ಕೆ. ನೃಪತುಂಗನ ಹೆಸರಿನಲ್ಲಿ ನಾನು ಮುಂಬಯಿಯ ಹಕ್ಕು ಸಾಧಿಸಲಾರೆ. ಆದರೆ ಕಣ್ಣು ಬಿಟ್ಟು ನೋಡದವನು 'ಏನಿದೆ' ಎಂದು ಕೇಳುವುದು ನ್ಯಾಯವಲ್ಲವೆಂದು ಅಂದು ಒಪ್ಪಿಕೊಂಡೆ.

*

ಆ ರಾತ್ರಿ ರಾಘು ಲೆಕ್ಕ ಬರೆದ. ರೈಲು, ಬಸ್ಸು ಸೇರಿ 200ರ ಒಳಗೆ. ಊಟ ತಿಂಡಿ ಸುಮಾರು 450. ಉದ್ಯಾನ, ಅದರ ಬಸ್ಸು, ಗುಹೆ, ಎಲ್ಲದರ ಟಿಕೆಟ್ಟು 250ರ ಆಸುಪಾಸು. ಚಮ್ಮಾರರಿಗೆ 20. ಕೈಯಲ್ಲಿ ಇನ್ನೂ ನೂರಕ್ಕೆ ಹತ್ತಿರದ ಚಿಲ್ಲರೆ. ಮಾವನ ಮನೆಯಿಲ್ಲದವರು ಮಲಗುವ ಖರ್ಚನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ದೂರದ ರೈಲಿನ ಟಿಕೆಟ್ಟಿರುವವರಿಗೆ ದೊಡ್ಡ ನಿಲ್ದಾಣಗಳ ತಂಗುಕೋಣೆಗಳು ಹೋಟೆಲಿಗಿಂತ ಅಗ್ಗ.

ಹೊರಡಬೇಕೆನ್ನುವವರಿಗೆ ಎರಡು ಮಾತು. ಸೋಮವಾರ ಕಾನ್ಹೇರಿಯೂ ಇಲ್ಲ, ಘಾರಾಪುರಿಯೂ ಇಲ್ಲ, ಎರಡೂ ಮುಚ್ಚಿರುತ್ತವೆ. ಸಂಜೆಯ ಹೊತ್ತು ಬೋರಿವಲಿಗೆ ಹೋಗುವವರು ವಿರಾರ್ ಗಾಡಿ ಹತ್ತಬೇಡಿ, ಇಳಿಯಲು ಬಿಡುವುದಿಲ್ಲ. ಚೀಲ ಎದೆಯ ಮೇಲಿರಲಿ, ನೀರು ಜೊತೆಗಿರಲಿ, ಕಾಲಿಗೆ ಹಳೆಯ ಗಟ್ಟಿ ಚಪ್ಪಲಿ ಇರಲಿ. ಮುಂಬಯಿಯಲ್ಲದೆ ಪುಣೆಯಲ್ಲೋ ಹೈದರಾಬಾದಿನಲ್ಲೋ ದಿಲ್ಲಿಯಲ್ಲೋ ಇರುವ ಓದುಗರೂ ಇದೇ ಲೆಕ್ಕದಲ್ಲಿ ತಮ್ಮ ತಮ್ಮ ಊರು ನೋಡಬಹುದು. ಊರಿನಿಂದ ನೆಂಟರ ಮಗ ಬರಲೆಂದು ಕಾಯಬೇಡಿ.

ಸೋಮವಾರ ರಾಘುವನ್ನು ರೈಲಿಗೆ ಹತ್ತಿಸಿ ಬಂದೆ. ಮಂಗಳವಾರ ದಲ್ಲಾಳಿಯ ಫೋನು ಬಂತು, ಗಿರಾಕಿ ಸಿಕ್ಕಿದ್ದಾರೆಂದು. ಮಳೆಗಾಲ ಕಳೆಯಲಿ, ಆಮೇಲೆ ನೋಡೋಣವೆಂದೆ. ಮಾರುವುದಿಲ್ಲವೆಂದು ಹೇಳಿಲ್ಲ, ಊರಿನ ಸೆಳೆತ ಅಷ್ಟು ಸುಲಭದಲ್ಲಿ ಬಿಡುವಂಥದ್ದಲ್ಲ. ಆದರೆ ಮುಂದಿನ ಭಾನುವಾರಕ್ಕೆ ಘಾರಾಪುರಿಯ ದೋಣಿ ಎಂದು ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ. ಹೋಗುವಾಗ ದಾರಿಯಲ್ಲಿ ಟೌನ್ ಹಾಲು ಸಿಗುತ್ತದೆ. ಅವಳಿಗೆ ಆ 30 ಮೆಟ್ಟಿಲು ಇನ್ನೂ ತೋರಿಸಿಲ್ಲ.